ಅರ್ಧ ಇಂಚಿನ ಕಸುಬು

ಇಂದಿರಾನಗರದ ಒಂದು ಒಳರಸ್ತೆ. ಬೆಳಗಿನ ಆರು ಗಂಟೆ. ರಸ್ತೆಯೆಂದರೆ ಇನ್ನೂ ಬರೀ ಜಲ್ಲಿ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ವಿಮಾ ಕಚೇರಿಯ ಅಧಿಕಾರಿ ಅನಂತರಾಮು ಅವರ ಮನೆಯ ಪಕ್ಕಕ್ಕೆ ಶೀಟು ಹೊದಿಸಿದ ಶೆಡ್ಡು, ಶೆಡ್ಡಿನೊಳಗೆ ಬಾನೆಟ್ ಎತ್ತಿದ ಅಂಬಾಸಿಡರ್. ಅದರೊಳಗೆ ಸೊಂಟದವರೆಗೆ ಬಗ್ಗಿರುವವರು ಅಸ್ಗರ್, ಐವತ್ತೆಂಟು ವರ್ಷ. ಗೇಟಿಗೆ ಒರಗಿಸಿದ ಸೈಕಲ್ಲಿನ ಹ್ಯಾಂಡಲ್ಲಿಗೆ ಏಳು ಹೊಸ ಫ್ಯಾನ್‌ಬೆಲ್ಟುಗಳು ನೇತುಬಿದ್ದಿವೆ. ಕಂಟೋನ್ಮೆಂಟಿನಿಂದ ಪೂರ್ವಕ್ಕೆ ಕಾರಿರುವ ಮನೆಗಳಲ್ಲಿ ಅವರನ್ನು ಬೆಲ್ಟ್ ಸಾಬರು ಎನ್ನುತ್ತಾರೆ. ಅಸ್ಗರ್ ಎಂಬ ಹೆಸರು ಗೊತ್ತಿರುವವರು ಕಡಿಮೆ.

"ಎಂಜಿನ್ ರಾತ್ರಿಯೆಲ್ಲಾ ತಣ್ಣಗೆ ನಿಂತಿರ್ಬೇಕು" ಎನ್ನುತ್ತಾರೆ ಅವರು. "ಬಿಸಿ ಎಂಜಿನ್‌ಗೆ ಕೈ ಹಾಕೋನು ಒಂದೇ ಸಲ ಹಾಕ್ತಾನೆ. ಆಮೇಲೆ ಬೆಳಿಗ್ಗೆ ಬೇಗ ಏಳೋದು ಕಲೀತಾನೆ."

ಎಂಜಿನ್ನಿನಿಂದ ಫ್ಯಾನನ್ನೂ ಬ್ಯಾಟರಿ ತುಂಬುವ ಡೈನಮೊವನ್ನೂ ತಿರುಗಿಸುವುದು ಈ ಬೆಲ್ಟು. ಬದಲಿಸುವ ಕೆಲಸ ನೋಡುವುದಕ್ಕೆ ಸುಲಭ. ಡೈನಮೊವನ್ನು ಹಿಡಿದಿರುವ ಮೂರು ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಎಂಜಿನ್ ಕಡೆಗೆ ತಳ್ಳಬೇಕು. ಹಳೆಯ ಬೆಲ್ಟು ಸಡಿಲಾಗುತ್ತದೆ. ಅದನ್ನು ಫ್ಯಾನಿನ ರೆಕ್ಕೆಗಳ ಮೇಲಿಂದ ಒಂದೊಂದಾಗಿ ದಾಟಿಸಿ ಹೊರಗೆ ತೆಗೆದು, ಹೊಸದನ್ನು ಅದೇ ದಾರಿಯಲ್ಲಿ ಒಳಕ್ಕೆ ಬಿಡಬೇಕು. ಆಮೇಲೆ ಡೈನಮೊವನ್ನು ಆಚೆಗೆ ಮೀಟಿ ಹಿಡಿದು ಬೋಲ್ಟು ಬಿಗಿಯಬೇಕು. ಮೀಟುವುದಕ್ಕೆ ಅಸ್ಗರ್ ಕಬ್ಬಿಣ ಮುಟ್ಟುವುದಿಲ್ಲ. ಮುರಿದ ಸುತ್ತಿಗೆಯ ಮರದ ಹಿಡಿಯೇ ಅವರ ಸನ್ನೆಗೋಲು. ಕೊನೆಗೆ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಅರ್ಧ ಇಂಚು ಬಗ್ಗಬೇಕು. ಹೆಚ್ಚು ಬಗ್ಗಿದರೆ ಬೆಲ್ಟು ಜಾರಿ ಕಿರುಚುತ್ತದೆ. ಬಗ್ಗದೆ ಹೋದರೆ ಡೈನಮೊದ ಬೇರಿಂಗ್ ತಿಂದುಹಾಕುತ್ತದೆ.

ಇವತ್ತಿನ ಕೆಲಸ ಕೆಟ್ಟರೆ ಅಸ್ಗರ್ ಕೈಬಿಟ್ಟು ಹೋಗುವುದು ಒಂದೇ ಮನೆಯಲ್ಲ. ಅವರ ಇಪ್ಪತ್ತಮೂರು ಖಾಯಂ ಮನೆಗಳಲ್ಲಿ ಆರು ಮನೆ ಅನಂತರಾಮು ಅವರ ಸಹೋದ್ಯೋಗಿಗಳದು, ಅವರ ಮಾತಿನ ಮೇಲೆ ಬಂದದ್ದು. ಎರಡು ತಿಂಗಳ ಹಿಂದೆ ಇದೇ ಕಾರಿಗೆ ಅಸ್ಗರ್ ಹಾಕಿದ ಬೆಲ್ಟು ಅತಿ ಬಿಗಿಯಾಗಿ, ಬೇರಿಂಗ್ ಹೋಗಿ, ಸಂಸಾರ ಸಮೇತ ಕಾರು ಕೆ.ಆರ್. ಪುರದ ಹತ್ತಿರ ನಿಂತಿತ್ತು. ಬೇರಿಂಗನ್ನು ಅಸ್ಗರ್ ತಾವೇ ಕೊಂಡು ಹಾಕಿಸಿದ್ದಾರೆ. ಕಾದು ಸವೆದ ಆ ಬೆಲ್ಟನ್ನು ಇವತ್ತು ಬದಲಿಸುತ್ತಿದ್ದಾರೆ. "ಇದೊಂದು ಸಲ ನೋಡ್ತೀನಿ" ಎಂದಿದ್ದಾರೆ ಅನಂತರಾಮು.

ಅನಂತರಾಮು ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅಸ್ಗರ್‌ಗೆ ಕಿವಿ ಕೇಳಿಸುವುದಿಲ್ಲ.

ಶಿವಾಜಿನಗರದ ಒಂದು ಟಿಂಕರ್ ಶೆಡ್ಡಿಗೆ ಅಸ್ಗರ್ ಸೇರಿದಾಗ ಹದಿನಾಲ್ಕು ವರ್ಷ. ನಗ್ಗಿದ ಮಡ್‌ಗಾರ್ಡು, ಬಾಗಿಲು, ಬಾನೆಟ್ಟುಗಳನ್ನು ಬಡಿದು ನೇರ ಮಾಡುವುದು ಕೆಲಸ. ತಗಡಿನ ಮಾಡಿನ ಕೆಳಗೆ ಆರು ಜನ ಆರು ಸುತ್ತಿಗೆ ಹಿಡಿದು ತಗಡು ಬಡಿಯುತ್ತಿದ್ದರು. ಮೂವತ್ತು ವರ್ಷ ಹೀಗೆ. ಬಲ ಭುಜ ಎತ್ತಲಾಗದೆ ಹೋದಾಗ ಮಾಲೀಕ ಬೇರೆ ಆಳು ನೋಡಿಕೊಂಡ. ಸ್ವಂತ ಗ್ಯಾರೇಜಿಗೆ ಜಾಗ ಬೇಕು, ಸಾಮಾನು ಬೇಕು. ಬೆಲ್ಟಿಗೆ ಬೇಕಾದದ್ದು ಮೂರು ಸ್ಪ್ಯಾನರು, ಒಂದು ಮರದ ಹಿಡಿ, ಒಂದು ಸೈಕಲ್ಲು. ಅಸ್ಗರ್ ಮನೆಮನೆಗೆ ಹೋಗತೊಡಗಿದರು.

ಜನರಿಗೂ ಇದು ಒಗ್ಗಿತು. ಗ್ಯಾರೇಜಿಗೆ ಬಿಟ್ಟರೆ ಕಾರು ಎರಡು ದಿನ ಹೋಗುತ್ತದೆ. ಎಪ್ಪತ್ತಮೂರರ ಕೊನೆಯಲ್ಲಿ ಪೆಟ್ರೋಲ್ ಬೆಲೆ ಹಾರಿದ ಮೇಲಂತೂ ಸಂಬಳದವರು ಬಸ್ಸು ಹಿಡಿದು, ಕಾರನ್ನು ಭಾನುವಾರಕ್ಕೆ ಎತ್ತಿಟ್ಟರು. ನಿಂತ ಕಾರಿನ ಬೆಲ್ಟು ಓಡುವ ಕಾರಿನದಕ್ಕಿಂತ ಬೇಗ ಬಿರುಕು ಬಿಡುತ್ತದೆ. ಅಸ್ಗರ್ ದಿನಕ್ಕೆ ಹತ್ತು ಹನ್ನೆರಡು ಮೈಲಿ ತುಳಿಯುತ್ತಾರೆ. ಖಾಯಂ ಮನೆಗಳೂ ಆಗಾಗ ಕರೆಯುವವರೂ ಸೇರಿ ತಿಂಗಳಿಗೆ ಎಂಟೋ ಒಂಬತ್ತೋ ಬೆಲ್ಟು. ಅಷ್ಟರಲ್ಲಿ ಒಂದು ಹೊಟ್ಟೆ ನಡೆಯುತ್ತದೆ, ಎರಡಿದ್ದರೆ ನಡೆಯುವುದಿಲ್ಲ.

ಹೊಸ ಬೆಲ್ಟು ಓಡುತ್ತಾ ಒಂದಿಷ್ಟು ಹಿಗ್ಗುತ್ತದೆ. ಆದ್ದರಿಂದ ಹಾಕಿದ ಎಂಟನೇ ದಿನ ಅಸ್ಗರ್ ತಾವಾಗಿಯೇ ಬಂದು ನೋಡುತ್ತಾರೆ. ಯಾರೂ ಕರೆದಿರುವುದಿಲ್ಲ, ಯಾರೂ ಕೊಡಬೇಕಾಗಿಲ್ಲ. ಬಾನೆಟ್ ಎತ್ತಿ, ಹೆಬ್ಬೆರಳು ಒತ್ತಿ, ಬೇಕಿದ್ದರೆ ಅರ್ಧ ಸುತ್ತು ಬಿಗಿದು ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಅವರು ಬಂದು ಹೋದದ್ದೇ ಗೊತ್ತಾಗುವುದಿಲ್ಲ.

ಹೆಂಡತಿ ಮಜೀದಾ ತೀರಿಕೊಂಡು ಆರು ವರ್ಷ. ಮಗಳು ಫಹ್ಮಿದಾ ಕೋಲಾರದಲ್ಲಿ. ರಂಜಾನ್‌ಗೆ ಬಂದು ಎರಡು ದಿನ ಇದ್ದು ಹೋಗುತ್ತಾಳೆ. ಶಿವಾಜಿನಗರದ ಹಿಂದಣ ಓಣಿಯ ಒಂದು ಕೋಣೆಯಲ್ಲಿ ಅಸ್ಗರ್ ಒಬ್ಬರೇ. "ಮನೇಲಿ ಕೇಳಿಸ್ಕೊಳ್ಳೋಕೆ ಏನಿದೆ? ಯಾರೂ ಮಾತಾಡಲ್ಲ" ಎನ್ನುತ್ತಾರೆ. "ಅದಕ್ಕೇ ಕಿವಿ ಹೋಗಿದ್ದು ನನಗೇ ತಡವಾಗಿ ಗೊತ್ತಾಯ್ತು."

ಗೊತ್ತಾದದ್ದು ಮಸೀದಿಯಿಂದ. ಒಂದೂವರೆ ವರ್ಷದ ಹಿಂದೆ, ಬೆಳಗಿನ ಆಜಾನಿಗೆ ಏಳುತ್ತಿದ್ದವರು ಒಂದು ವಾರ ಏಳಲಿಲ್ಲ. ಮಸೀದಿಯ ಮೈಕು ಕೆಟ್ಟಿದೆ ಎಂದುಕೊಂಡರು. ಸ್ಪ್ಯಾನರಿನ ಚೀಲ ಹಿಡಿದುಕೊಂಡೇ ಹೋಗಿ, ಅಲ್ಲಿ ಕಸ ಗುಡಿಸುವ ಶಫಿಯನ್ನು ಕೇಳಿದರು: "ಮೈಕ್ ರಿಪೇರಿ ಮಾಡಿಸ್ಬಾರದಾ? ಬೇಕಾದ್ರೆ ನಾನು ನೋಡ್ತೀನಿ." ಶಫಿ ನಕ್ಕ. ಆಮೇಲೆ ಇವರ ಮುಖ ನೋಡಿ ನಗು ನಿಲ್ಲಿಸಿದ. ಮೈಕು ಚೆನ್ನಾಗಿಯೇ ಇತ್ತು.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಮಂದ್ರದ ಶಬ್ದಗಳು ಅಷ್ಟಿಷ್ಟು ಬೀಳುತ್ತವೆ. ಕೀಚಲು ಶಬ್ದಗಳು ಬೀಳುವುದೇ ಇಲ್ಲ. ಬೆಲ್ಟಿನದು ಕೀಚಲು ಶಬ್ದ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಹಿಡಿಯುತ್ತಾರೆ. ಬೆನ್ನ ಹಿಂದಿನ ಮಾತಿಗೆ ತಿರುಗುವುದಿಲ್ಲ. ಅದನ್ನು ಜನ ಕೆಲಸದ ಶ್ರದ್ಧೆ ಎಂದುಕೊಂಡಿದ್ದಾರೆ.

ಎರಡು ತಿಂಗಳ ಹಿಂದಿನ ತಪ್ಪು ಹುಟ್ಟಿದ್ದು ಇಲ್ಲೇ. ತಮಗೆ ಕೇಳದ ಕಿರುಚಾಟ ಮನೆಯವರಿಗೆ ಕೇಳಿಸಿಬಿಟ್ಟೀತೆಂಬ ಹೆದರಿಕೆಗೆ ಅಸ್ಗರ್ ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ಬಿಗಿದಿದ್ದರು. ಎಂಟನೇ ದಿನ ಬಂದು ಒತ್ತಿ ನೋಡಿದಾಗ ಬೆಲ್ಟು ಕಾಲು ಇಂಚೂ ಬಗ್ಗಲಿಲ್ಲ. "ಹೆಬ್ಬೆರಳು ಸರಿಯಾಗೇ ಹೇಳ್ತು. ನಾನೇ ನಂಬ್ಲಿಲ್ಲ" ಎನ್ನುತ್ತಾರೆ. ಹಾಗೇ ಬಿಟ್ಟು ಹೋದರು.

ಈಗ ಶೆಡ್ಡಿನಲ್ಲಿ ಹೊಸ ಬೆಲ್ಟು ಕೂತಿದೆ. ಹೋದ ಸಲದ ತಪ್ಪು ಮತ್ತೆ ಆಗಬಾರದೆಂದು ಈ ಸಲ ಅಸ್ಗರ್ ಸ್ವಲ್ಪ ಸಡಿಲವಾಗಿಯೇ ಬಿಟ್ಟಿದ್ದಾರೆ. ಅನಂತರಾಮು ಲುಂಗಿ, ಬನಿಯನ್ನಿನಲ್ಲಿ ಬಂದು ಸ್ಟೇರಿಂಗ್ ಮುಂದೆ ಕೂರುತ್ತಾರೆ. ಅವರ ಹೆಂಡತಿ ಕೋಕಿಲಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಾರೆ.

"ಸಾಬ್ರೇ, ಹೋದ್ಸಲ ನಿಮ್ಮ ಬೆಲ್ಟಿನ ದೆಸೆಯಿಂದ ರೇಷ್ಮೆ ಸೀರೆ ಉಟ್ಕೊಂಡು ಕಾರ್ ತಳ್ಳಿದೀನಿ. ಈ ಸಲ ಮೊದ್ಲೇ ಹೇಳ್ಬಿಡಿ, ವಾಯ್ಲ್ ಸೀರೆ ಉಟ್ಕೊಂಡು ಹೊರಡ್ತೀನಿ."

ಅಸ್ಗರ್ ಅವರ ಮುಖ ನೋಡಿ ನಗುತ್ತಾರೆ. "ಲೈಟ್ ಹಾಕಿ ಸಾರ್, ಆಕ್ಸಿಲರೇಟರ್ ಕೊಡಿ" ಎನ್ನುತ್ತಾರೆ. ದೀಪ ಹಚ್ಚಿದರೆ ಡೈನಮೊಗೆ ಭಾರ ಬೀಳುತ್ತದೆ. ಬೆಲ್ಟು ಸಡಿಲಿದ್ದರೆ ಆಗ ಜಾರುತ್ತದೆ.

ಅನಂತರಾಮು ಕಾಲು ಒತ್ತುತ್ತಾರೆ. ಬೆಲ್ಟು ಕಿರುಚುತ್ತದೆ. ಪಕ್ಕದ ಸೈಟಿನಲ್ಲಿ ಮೇಯುತ್ತಿದ್ದ ಎಮ್ಮೆ ತಲೆ ಎತ್ತುತ್ತದೆ. ಅಸ್ಗರ್ ಬಾನೆಟ್ಟಿನ ಪಕ್ಕದಿಂದ ಇಣುಕಿ, "ಫಸ್ಟ್ ಕ್ಲಾಸ್, ಸಾರ್" ಎನ್ನುತ್ತಾರೆ.

"ಇದ್ಯಾವ ಫಸ್ಟ್ ಕ್ಲಾಸು?" ಎಂದು ಹಿಂದಿನಿಂದ ಕೋಕಿಲಾ. ಅಸ್ಗರ್ ತಿರುಗುವುದಿಲ್ಲ.

"ತಮಾಷೆ ಮಾಡ್ತಿದೀರೇನ್ರೀ?" ಎಂದು ತಲೆ ಬಗ್ಗಿಸಿಕೊಂಡೇ ಅನಂತರಾಮು. ಅಸ್ಗರ್ ಮತ್ತೆ ನಗುತ್ತಾರೆ, ತಲೆಯಾಡಿಸುತ್ತಾರೆ.

ಗೇಟಿನ ಹತ್ತಿರ ದಾಸವಾಳ ಕೀಳುತ್ತಿದ್ದ ಮುದುಕಿ ಸೀತಮ್ಮ, ಅನಂತರಾಮು ಅವರ ತಾಯಿ. ಎಪ್ಪತ್ತೆಂಟು ವರ್ಷ. ಎಂಜಿನ್ ಶಬ್ದವೂ ಬೆಲ್ಟಿನ ಶಬ್ದವೂ ಅವರಿಗೆ ಒಂದೇ, ಎರಡೂ ಕೇಳಿಸುವುದಿಲ್ಲ. ಅವರು ಆಗಿನಿಂದ ಅಸ್ಗರ್ ಮುಖವನ್ನೇ ನೋಡುತ್ತಿದ್ದಾರೆ. ಹೂವಿನ ಬುಟ್ಟಿ ಹಿಡಿದು ಶೆಡ್ಡಿನ ಬಾಗಿಲಿಗೆ ಬರುತ್ತಾರೆ.

"ಅವರಿಗೆ ಕಿವಿ ಕೇಳಿಸಲ್ಲ ಕಣೋ, ಅನಂತೂ."

ಅನಂತರಾಮು ತಲೆಯೆತ್ತುತ್ತಾರೆ. "ಅಮ್ಮ, ನೀನು ಒಳಗೆ ಹೋಗು."

"ನಾನ್ಯಾಕೋ ಹೋಗ್ಲಿ? ಹನ್ನೆರಡು ವರ್ಷದಿಂದ ನಾನೂ ಇದೇ ನಾಟಕ ಆಡ್ತಿಲ್ವೇ? ನೀವೇನಾದ್ರೂ ಅಂದ್ರೆ ನಕ್ಕುಬಿಡೋದು, ಇಲ್ದಿದ್ರೆ ಹ್ಞೂಂ ಅನ್ನೋದು. ಎಂಜಿನ್ ಬಿಟ್ಟು ನಿನ್ನ ಬಾಯಿ ನೋಡ್ತಿದಾರೆ ಸಾಬರು. ನೋಡೋ ಬೇಕಾದ್ರೆ."

ಆ ಮಾತೂ ಅಸ್ಗರ್‌ಗೆ ತಲುಪಿದ್ದು ತುಟಿಯಿಂದಲೇ. ಅವರು ಮರದ ಹಿಡಿಯನ್ನು ಮಡ್‌ಗಾರ್ಡಿನ ಮೇಲೆ ಇಡುತ್ತಾರೆ. ಅನಂತರಾಮು ಎಂಜಿನ್ ಆರಿಸಿ, ಇಳಿದು, ಎದುರಿಗೆ ಬಂದು ನಿಲ್ಲುತ್ತಾರೆ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ ಆಯ್ತು ಸಾರ್."

"ಮೊದ್ಲೇ ಹೇಳ್ಬೇಕಿತ್ತಲ್ವೇನ್ರೀ?"

"ಹೇಳಿದ್ರೆ ಬಾನೆಟ್ ಮುಟ್ಟೋಕೆ ಬಿಡ್ತಿದ್ರಾ ಸಾರ್?"

ಕೋಕಿಲಾ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾರೆ. ಅನಂತರಾಮು ಮತ್ತೆ ಸ್ಟೇರಿಂಗ್ ಮುಂದೆ ಕೂತು, ಅಸ್ಗರ್ ಕಡೆಗೆ ಮುಖ ಮಾಡಿ, "ಬಿಗಿ ಮಾಡಿ. ನಾನು ಕೇಳಿ ಹೇಳ್ತೀನಿ" ಎನ್ನುತ್ತಾರೆ.

ಒಂದು ಸಲ ಮೀಟಿ ಬಿಗಿದರೂ ಕಿರುಚಾಟ ಉಳಿಯುತ್ತದೆ. ಎರಡನೇ ಸಲಕ್ಕೆ ಕಡಿಮೆಯಾಗುತ್ತದೆ. ಮೂರನೇ ಸಲ ಅನಂತರಾಮು ಅಂಗೈ ಮುಂದೆ ಚಾಚಿ, ಸಾಕು ಎಂದು ಸನ್ನೆ ಮಾಡುತ್ತಾರೆ. ಎಂಜಿನ್ ನಿಂತ ಮೇಲೆ ಅಸ್ಗರ್ ಹೆಬ್ಬೆರಳು ಒತ್ತಿ ನೋಡುತ್ತಾರೆ. ಅರ್ಧ ಇಂಚು. ಮೇಲೂ ಇಲ್ಲ, ಕೆಳಗೂ ಇಲ್ಲ.

"ಆಫೀಸಿನೋರು ಕೇಳಿದ್ರೆ ನಾನು ಸುಳ್ಳು ಹೇಳಕ್ಕಾಗಲ್ಲ" ಎನ್ನುತ್ತಾರೆ ಅನಂತರಾಮು.

"ಸುಳ್ಳು ಹೇಳ್ಬೇಡಿ ಸಾರ್. ನಾನೇ ಹೋಗಿ ಹೇಳ್ತೀನಿ."

ಸೀತಮ್ಮ ಕಾಫಿ ಕಳಿಸುತ್ತಾರೆ. ಅದು ಶೆಡ್ಡಿನ ಗೂಡಿನಲ್ಲಿ ಅಸ್ಗರ್‌ಗೆಂದೇ ಇಟ್ಟಿರುವ ಗಾಜಿನ ಲೋಟಕ್ಕೆ ಬೀಳುತ್ತದೆ. ಕುಡಿದು, ತೊಳೆದು, ಅದೇ ಗೂಡಿನಲ್ಲಿ ಮಗುಚಿಟ್ಟು ಅವರು ಸೈಕಲ್ ಹತ್ತುತ್ತಾರೆ. ಈ ಮನೆಗೆ ಒಂಬತ್ತು ವರ್ಷದಿಂದ ಬರುತ್ತಿದ್ದರೂ ಶೆಡ್ಡು ದಾಟಿ ಒಳಗೆ ಹೋದದ್ದಿಲ್ಲ. ಅದರ ಬಗ್ಗೆ ಅವರಿಗೆ ದೂರೂ ಇಲ್ಲ.

ಅದೇ ದಿನ ಒಂಬತ್ತು ಗಂಟೆಗೆ ಲಿಂಗರಾಜಪುರ. ನಿವೃತ್ತ ಉಪಾಧ್ಯಾಯಿನಿ ಅಮ್ಮಣ್ಣಿ ಅವರದು ಹಳೆಯ ಹೆರಾಲ್ಡ್ ಕಾರು, ಬೆಲ್ಟು ಬದಲಿಸಲು ಅವರೇ ಹೇಳಿಕಳಿಸಿದ್ದರು. ಅಸ್ಗರ್ ಗೇಟಿನ ಹೊರಗೇ ನಿಂತು, "ಅಮ್ಮಾ, ನನಗೆ ಕಿವಿ ಕೇಳಿಸಲ್ಲ. ಬೆಲ್ಟ್ ನಾನು ಹಾಕ್ತೀನಿ, ಶಬ್ದ ಬರುತ್ತಾ ಇಲ್ವಾ ಅಂತ ನೀವು ನಿಂತು ಹೇಳ್ಬೇಕು" ಎನ್ನುತ್ತಾರೆ.

ಅಮ್ಮಣ್ಣಿ ಯೋಚನೆ ಮಾಡುತ್ತಾರೆ. "ನಾನು ಒಬ್ಳೇ ಓಡಾಡೋಳು ಕಣ್ರೀ. ದಾರೀಲಿ ನಿಂತ್ರೆ ತಳ್ಳೋರು ಯಾರು? ಈ ಸಲ ಬೇಡ ಬಿಡಿ. ಬೇಜಾರು ಮಾಡ್ಕೋಬೇಡಿ." ಗೇಟಿನ ಚಿಲಕ ಬೀಳುತ್ತದೆ. ಅಸ್ಗರ್ ಸೈಕಲ್ ತಿರುಗಿಸುವ ಹೊತ್ತಿಗೆ ಆಕೆ ಅಲ್ಲಿಂದಲೇ ಇನ್ನೂ ಏನೋ ಹೇಳುತ್ತಾರೆ. ಅದು ಇವರಿಗೆ ಸಿಕ್ಕುವುದಿಲ್ಲ.

ಹಲಸೂರಿನಲ್ಲಿ ಟ್ಯಾಕ್ಸಿ ಇಟ್ಟಿರುವ ಮುನಿಆಂಜನಪ್ಪ ಮಾತ್ರ ಕೇಳಿ ನಗುತ್ತಾರೆ. "ನನ್ನ ಗಾಡೀಲಿ ಶಬ್ದ ಮಾಡ್ದೇ ಇರೋದು ಸ್ಟೆಪ್ನಿ ಒಂದೇ ಗುರು. ಅದ್ರಲ್ಲಿ ನಿನ್ನ ಬೆಲ್ಟಿನ ಶಬ್ದ ಯಾವುದು ಅಂತ ನಾನೆಲ್ಲಿ ಹುಡುಕ್ಲಿ? ಹಾಕು, ಹಾಕು."

ವಾರ ಮುಗಿಯುವ ಹೊತ್ತಿಗೆ ಅಸ್ಗರ್ ಒಂಬತ್ತು ಮನೆಗಳಲ್ಲಿ ಹೇಳಿದ್ದಾರೆ. ನಾಲ್ಕು ಮನೆಯವರು ಬೇಡವೆಂದಿದ್ದಾರೆ, ಅದರಲ್ಲಿ ಎರಡು ಅನಂತರಾಮು ಅವರ ಕಚೇರಿಯವರದು. ಇನ್ನೂ ಹದಿನಾಲ್ಕು ಗೇಟುಗಳಿವೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಉಳಿದ ಮನೆಯವರಿಗೂ ತಿಳಿದುಹೋಗುತ್ತದಲ್ಲ ಎಂದು ನಾನು ಕೇಳಿದರೆ, ಅಸ್ಗರ್ ನನ್ನ ತುಟಿಗಳನ್ನು ನೋಡಿ, ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡು, ಆಮೇಲೆ ಉತ್ತರ ಕೊಡುತ್ತಾರೆ.

"ಬರೀರಿ. ಒಂದೊಂದು ಗೇಟಿನ ಹತ್ರಾನೂ ನಿಂತು ಹೇಳೋದು ಕಷ್ಟ. ಓದಿದ್ಮೇಲೂ ಕರೆದ್ರೆ, ಗೊತ್ತಿದ್ದೇ ಕರೆದ್ರು ಅಂತಾಯ್ತು."

ಮತ್ತೆ ಹೇಳುತ್ತಾರೆ: "ಬೆಲ್ಟ್ ಹಾಕೋಕೆ ಕಿವಿ ಬೇಡ ಸಾರ್, ಕೈ ಸಾಕು. ಹಾಕಿದ್ಮೇಲೆ ಒಂದು ನಿಮಿಷ ಮಾತ್ರ ಬೇಕು. ಆ ಒಂದು ನಿಮಿಷ ಮನೆಯೋರು ಯಾರಾದ್ರೂ ಹೊರಗೆ ಬಂದು ಪಕ್ಕದಲ್ಲಿ ನಿಂತ್ರೆ, ಅಷ್ಟೇ."