ಉಸಿರು ಬಿಡುತ್ತಾ ಮೇಲೆ ಬರುವುದು

ಈಜಲು ಹೋದವರು ನೀರುಪಾಲಾದ ಸುದ್ದಿಯನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ಒಮ್ಮೆ ಮುಳಬಾಗಿಲು ಕಡೆಯ ಕೆರೆ, ಒಮ್ಮೆ ಮಾಲೂರು ಕಡೆಯ ಕಲ್ಲು ಕ್ವಾರಿ, ಇನ್ನೊಮ್ಮೆ ಯಾರದೋ ಕೃಷಿ ಹೊಂಡ. ಸ್ಥಳ ಬದಲಾಗುತ್ತದೆ, ವಾಕ್ಯಗಳು ಹೆಚ್ಚು ಬದಲಾಗುವುದಿಲ್ಲ. ಕೋಲಾರದ ಕಚೇರಿಯಲ್ಲಿ ಕುಳಿತು ಹೆಸರು, ವಯಸ್ಸು, ಊರು ಖಚಿತಪಡಿಸಿಕೊಂಡು ಪತ್ರಿಕೆಗೆ ಕಳಿಸಿದರೆ ಆ ದಿನದ ಕೆಲಸ ಮುಗಿಯಿತು. ತಂಗಿ ಸ್ಕೂಬಾ ಡೈವಿಂಗ್ ಕಲಿಸುವವಳಾಗಲು ಹೊರಟ ಮೇಲೆ, ವಯಸ್ಸು ಬರೆಯುವ ಜಾಗಕ್ಕೆ ಬಂದಾಗಲೆಲ್ಲ ಕೈ ನಿಲ್ಲತೊಡಗಿತು.

ಅವಳು ಕೋಲಾರದಲ್ಲೇ ಬಿ.ಎಸ್ಸಿ. ಮುಗಿಸಿ, ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಪ್ರವಾಸ ಹೋದವಳು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಂದು ಸಲ ಸಮುದ್ರಕ್ಕಿಳಿದಳು. ಮುಂದಿನ ವರ್ಷ ಅಲ್ಲೇ ಕೆಲಸಕ್ಕೆ ಸೇರಿದಳು. ಮೊದಮೊದಲು ಸಿಲಿಂಡರ್ ಹೊರುವುದು, ರಬ್ಬರ್ ಸೂಟು ತೊಳೆಯುವುದು. ನಡುನಡುವೆ ಒಂದೊಂದೇ ಹಂತದ ಕೋರ್ಸು. ಆಮೇಲೆ ಪ್ರವಾಸಿಗರ ಕೈಹಿಡಿದು ಕೆಳಗೆ ಕರೆದೊಯ್ಯುವ ಕೆಲಸ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ, ಸಂಬಳವೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ಮನೆಗೆ ಬಂದು ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಸ್ವತಃ ಕಲಿಸಬೇಕೆಂದರೆ ಬೋಧಕರ ಕೋರ್ಸು ಬೇರೆ, ಅದರ ಕೊನೆಗೆ ಹೊರಗಿನ ಪರೀಕ್ಷಕರ ಮುಂದೆ ಪರೀಕ್ಷೆ. ಕೂಡಿಟ್ಟದ್ದೆಲ್ಲ ಅದರ ಶುಲ್ಕಕ್ಕೆ, ಸ್ವಂತ ಸಲಕರಣೆಗೆ, ವಿಮೆಗೆ ಹೋಯಿತು. ನೆಗಡಿ ಇದ್ದರೂ ನೀರಿಗಿಳಿದದ್ದಕ್ಕೆ ಎಡಗಿವಿ ಬಹಳ ದಿನ ಕಾಡಿತು. ಶ್ರೀನಿವಾಸಪುರದಿಂದ ಒಂದು ಸಂಬಂಧ ಬಂದಿತ್ತು, ಮಾವಿನ ತೋಟದವರು. ಹುಡುಗಿಗೆ ಏನು ಕೆಲಸ ಎಂದು ಅವರು ಕೇಳಿದಾಗ ಅಮ್ಮ, "ಅದೇ, ನೀರಿನ ಕಡೆ" ಎಂದಳು. ಅವರು ಅದನ್ನು ಸರ್ಕಾರಿ ಕೆಲಸ ಅಂದುಕೊಂಡು ಖುಷಿಯಿಂದ ಕಾಫಿ ಕುಡಿದರು. ತಂಗಿಯೇ ಹೊರಗೆ ಬಂದು ನಿಜ ಹೇಳಿದಳು. ಅವರು ಮತ್ತೆ ಬರಲಿಲ್ಲ.

ಕಳೆದ ವರ್ಷ ಅಂಡಮಾನಿನಲ್ಲಿ ಬೋಧಕರ ಕೋರ್ಸಿಗೆ ಸೇರಿದಳು. ಪರೀಕ್ಷೆಗೆ ಮುಂಚೆಯೇ ಅವಳ ಗುರುಗಳು ಅವಳನ್ನು ತಡೆದು ಮನೆಗೆ ಕಳಿಸಿದರು.

ಕಾರಣವನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. ಆಳದಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡವರು ಉಸಿರು ಬಿಗಿಹಿಡಿದು ಮೇಲೆ ಬರಬಾರದು. ಮೇಲೆ ಬಂದಂತೆ ನೀರಿನ ಒತ್ತಡ ಇಳಿದು ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೆ ಹೊರದಾರಿ ಸಿಗದಿದ್ದರೆ ಶ್ವಾಸಕೋಶ ಹರಿಯುತ್ತದೆ. ಆದ್ದರಿಂದ ಗಾಳಿ ಮುಗಿದಾಗ 'ಆ' ಎಂದು ದನಿ ಎಳೆಯುತ್ತಾ, ಗುಳ್ಳೆ ಬಿಡುತ್ತಾ ಬರಬೇಕು. ಕಲಿಸುವವರೂ ಪಕ್ಕದಲ್ಲೇ ಹಾಗೆ ಬರಬೇಕು. ತಂಗಿ ಅದನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ಶಿಷ್ಯನಂತೆ ನಟಿಸುತ್ತಿದ್ದವನು ಒಮ್ಮೆ ಗಾಬರಿಬಿದ್ದವನ ಹಾಗೆ ಅವಳ ತೋಳು ಹಿಡಿದು ಜಗ್ಗಿದಾಗ ಅವಳ ಗುಳ್ಳೆಗಳು ನಿಂತುಹೋದವು. ಇನ್ನೊಮ್ಮೆಯೂ ಹಾಗೇ ಆಯಿತು. ಆಳ ಹೆಚ್ಚಿರಲಿಲ್ಲ, ಬದುಕಿದಳು. "ನಿನ್ನ ತಲೆಗೆ ಗೊತ್ತಿದೆ, ಎದೆಗೆ ಗೊತ್ತಿಲ್ಲ. ಸರಿಮಾಡಿಕೊಂಡು ಮುಂದಿನ ತಂಡದ ಜೊತೆ ಬಾ. ಆಗಲೂ ಹೀಗಾದರೆ ಬೇರೆಯವರ ಪ್ರಾಣ ನಿನ್ನ ಕೈಗೆ ಕೊಡಲಾರೆ" ಎಂದರಂತೆ ಗುರುಗಳು.

ಎದೆಗೆ ಯಾಕೆ ಗೊತ್ತಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮೂರು ದೇವರಾಯಸಮುದ್ರದ ಕೆರೆಯ ಕೆಳಗೆ ನಮ್ಮ ಬಾವಿ ಇದೆ. ಅಲ್ಲಿ ಈಜು ಕಲಿತೆ ಎನ್ನಬೇಕಾದರೆ ತಳದವರೆಗೆ ಮುಳುಗಿ, ಒಂದು ಹಿಡಿ ಕೆಸರು ತಂದು ಮೇಲೆತ್ತಿ ತೋರಿಸಬೇಕು. ಬರಿಗೈಯಲ್ಲಿ ಬಂದವರನ್ನು ದಂಡೆಯಲ್ಲಿ ಕೂತವರು ಮತ್ತೆ ನೀರಿಗೆ ತಳ್ಳುತ್ತಿದ್ದರು. ಅಪ್ಪ ನಮಗೆ ಕಲಿಸಿದ್ದು ಒಂದೇ ಪಾಠ: ದಮ್ ಹಿಡಿ, ಗಾಬರಿಯಾದರೆ ಮೊದಲು ಬಾಯಿ ಮುಚ್ಚು. ತಂಗಿ ನನಗಿಂತ ಮೊದಲು ಕೆಸರು ತಂದಿದ್ದಳು.

"ಅಂದ್ರೆ ನಾನು ಕಲ್ಸಿದ್ದೇ ತಪ್ಪು ಅಂತಾಯ್ತು" ಎಂದ ಅಪ್ಪ.

"ತಪ್ಪಲ್ಲ ಕಣಪ್ಪ. ಬಾವಿಗೆ ಸರಿ. ಮೇಲಿಂದ ತಗೊಂಡೋದ ಗಾಳಿ ಹಂಗೇ ವಾಪಸ್ ಬರುತ್ತೆ. ಸಿಲಿಂಡರ್ ಗಾಳಿ ಹಂಗಲ್ಲ."

ಸಿಟ್ಟು ಬಂದರೆ ಅಮ್ಮ ತೆಲುಗಿಗೆ ಹೊರಳುತ್ತಾಳೆ. "ಚಾಲು ತಲ್ಲೀ, ಚಾಲು" ಎಂದಳು. ಸಾಕು ತಾಯಿ, ಸಾಕು ಎಂದು. "ಬೆಂಗಳೂರಲ್ಲಿ ಈಜುಕೊಳ ಇಲ್ವಾ? ಸೊಂಟದಷ್ಟು ನೀರಲ್ಲಿ ನಿಂತ್ಕೊಂಡು ಮಕ್ಕಳಿಗೆ ಕಲ್ಸು."

"ಸೊಂಟದಷ್ಟು ನೀರಲ್ಲಿ ಎಮ್ಮೆ ತೊಳೀಬೋದು ಕಣಮ್ಮ."

ಮಾರನೆಯ ದಿನದಿಂದ ಅವಳು ಬಾವಿಗಿಳಿದಳು. ತಳ ಮುಟ್ಟಿ, 'ಆ' ಎಂದು ಎದೆಯ ಗಾಳಿಯನ್ನು ಖಾಲಿ ಮಾಡುತ್ತಾ ಮೇಲೆ ಬರುವ ಅಭ್ಯಾಸ. ಕಂಕುಳ ಕೆಳಗೆ ಹಗ್ಗ, ಅದರ ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಮೇಲೆ ತಲುಪುವ ಮೊದಲೇ ಗಾಳಿ ಮುಗಿದು ಎಚ್ಚರ ತಪ್ಪಿದರೆ ಎಂದು ನಾನು ಕೇಳಿದ್ದಕ್ಕೆ, "ಅದಕ್ಕೇ ಹಗ್ಗ" ಎಂದಳು. ವಾರದ ರಜೆಯ ದಿನ ನಾನೂ ದಂಡೆಯಲ್ಲಿ ಕೂರುತ್ತಿದ್ದೆ. ನೀರಿನ ಮೇಲೆ ಗುಳ್ಳೆ ಕಂಡರೆ ಊರಿನವರಿಗೆ ಭಯ. ನನಗೆ ಗುಳ್ಳೆ ಕಾಣದಿದ್ದರೆ ಭಯ.

ಅವಳ ತೊಂದರೆ ಇದ್ದದ್ದು ಜಗ್ಗಿದಾಗ. ಹಾಗಾಗಿ ತನಗೆ ಗೊತ್ತಿಲ್ಲದ ಹಾಗೆ ಹಗ್ಗ ಜಗ್ಗಲು ಅಪ್ಪನಿಗೆ ಹೇಳಿದ್ದಳು. ಅಪ್ಪನಿಗೆ ಅದು ಆಗುತ್ತಲೇ ಇರಲಿಲ್ಲ. ಅವಳು ಮುಳುಗುವ ಮೊದಲೇ, "ಅಮ್ಮಣ್ಣಿ, ಈ ಸಲ ಎಳೀತೀನಿ" ಎನ್ನುತ್ತಿದ್ದ.

"ಹೇಳ್ಬಿಟ್ಟು ಎಳೆದ್ರೆ ಏನಪ್ಪ ಪ್ರಯೋಜನ?"

"ಹೇಳ್ದೆ ಹೆಂಗಮ್ಮ ಎಳೀಲಿ, ಮಗಳಲ್ವಾ?"

ಒಂದು ದಿನ ನೀರಹಾವು ಕಾಲಿಗೆ ತಾಗಿತು. ಆಗ ಅವಳ ಬಾಯಿ ಪಟ್ಟನೆ ಮುಚ್ಚಿತು. ಮೇಲೆ ಬಂದವಳು ಹಗ್ಗ ಬಿಚ್ಚಿ ಕಲ್ಲಿನ ಮೇಲೆ ಕೂತಳು. ಮತ್ತೆ ಅಂಡಮಾನಿಗೆ ಹೊರಡುವ ದಿನ ಹತ್ತಿರವಾಗಿತ್ತು.

ಹೊರಡುವ ಮುಂಚಿನ ಭಾನುವಾರ ನಡೆದದ್ದು ಇದು. ಬಾವಿಯೊಳಗೆ ನೀರಿನಿಂದ ಸ್ವಲ್ಪ ಮೇಲೆ, ಕಲ್ಲುಚಪ್ಪಡಿಯ ಮೇಲೆ ನಮ್ಮ ಪಂಪಿನ ಮೋಟಾರು ಇದೆ. ನಮ್ಮ ಕಡೆ ಅದರ ಸ್ಟಾರ್ಟರನ್ನು ಯಾರೂ ಪೂರ್ತಿ ಆಫ್ ಮಾಡುವುದಿಲ್ಲ, ಆಟೋದಲ್ಲಿ ಇಟ್ಟಿರುತ್ತಾರೆ. ತ್ರೀ ಫೇಸ್ ಕರೆಂಟ್ ಯಾವಾಗ ಬಂದರೂ ಮೋಟಾರು ತಾನೇ ಓಡಲಿ ಎಂದು. ಆ ವಾರ ಕರೆಂಟ್ ರಾತ್ರಿ ಪಾಳಿಯಲ್ಲಿತ್ತು. ಹಗಲು ಬರುವುದಿಲ್ಲವೆಂದು ನಾವ್ಯಾರೂ ಸ್ಟಾರ್ಟರಿನ ಕಡೆ ನೋಡಲಿಲ್ಲ.

ತಂಗಿ ಮುಳುಗಿದಳು. ಸ್ವಲ್ಪ ಹೊತ್ತಿಗೆ ಗುಳ್ಳೆಗಳ ಸಾಲು ಮೇಲೆ ಬಂತು. ಆಗ ಮೋಟಾರು ಗುರ್ ಎಂದು ಶುರುವಾಯಿತು. ಪೈಪಿನ ಸೋರುವ ಕೀಲಿನಿಂದ ನೀರು ಚಿಮ್ಮಿ ಬಾವಿಯ ಮೇಲ್ಮೈಯೆಲ್ಲ ನೊರೆಯಾಯಿತು. ಗುಳ್ಳೆಗಳು ಎಲ್ಲೂ ಕಾಣಲಿಲ್ಲ. ನೀರೊಳಗೆ ಪಂಪು ಎಳೆಯುವ ಕಡೆಗೆ ಅವಳ ಹಗ್ಗ ಸಿಕ್ಕಿಕೊಂಡರೆ? ಟೇಪು ಸುತ್ತಿದ ವೈರಿನಿಂದ ನೀರಿಗೆ ಕರೆಂಟ್ ಹರಿದರೆ? ಅಂಥ ಸುದ್ದಿಯನ್ನೂ ನಾನು ಬರೆದಿದ್ದೆ. ಓಡಿಹೋಗಿ ಸ್ಟಾರ್ಟರಿನ ಕೆಂಪು ಬಟನ್ ಗುದ್ದಿದೆ. ಅಪ್ಪ ಒಂದು ಮಾತೂ ಆಡದೆ, ಕೈ ಮೇಲೆ ಕೈ ಹಾಕಿ, ಇದ್ದ ಬಲವನ್ನೆಲ್ಲ ಕೂಡಿಸಿ ಹಗ್ಗ ಎಳೆಯುತ್ತಿದ್ದ.

ನಾನು ತಿರುಗಿ ಬರುವಷ್ಟರಲ್ಲಿ ಅವಳ ತಲೆ ಮೇಲೆ ಬಂತು. ಬಾಯಿ ಅಗಲವಾಗಿ ತೆರೆದಿತ್ತು. ದನಿಯ ಕೊನೆಯ ಎಳೆ ಇನ್ನೂ ಮುಗಿದಿರಲಿಲ್ಲ. ಆಮೇಲೆ ಕೆಮ್ಮಿದಳು, ಉಗುಳಿದಳು, ಬೈದಳು.

"ಏನಪ್ಪಾ, ಕೊಡ ಸೇದಿದಂಗೆ ಸೇದ್ತೀಯಾ?"

ಅಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಹಗ್ಗ ಚರ್ಮ ಸುಲಿದಿತ್ತು.

"ಮೋಟ್ರು ಆನ್ ಆಯ್ತು ಕಣೇ" ಎಂದೆ.

ಅವಳು ಮೋಟಾರಿನ ಕಡೆ ನೋಡಿದಳು, ಹಗ್ಗದ ಕಡೆ ನೋಡಿದಳು. "ಅಣ್ಣಾ, ಎಳ್ದಾಗ ನನ್ನ ಬಾಯಿ ತೆರ್ದಿತ್ತಾ?"

"ತಲೆ ಮೇಲೆ ಬಂದಾಗ ತೆರೆದಿತ್ತು. ಒಳಗೆ ಹೆಂಗಿತ್ತೋ ನಾನು ನೋಡಿಲ್ಲ."

"ಥೂ, ನಿನ್ನ ರಿಪೋರ್ಟು! ಅಪ್ಪಾ, ನೀನು ಹೇಳು."

"ಮೋಟ್ರು ನಿಲ್ತಲ್ಲ, ಆವಾಗ ಕೇಳಿಸ್ತು ಕಣಮ್ಮ. ನೀರೊಳಗೇ ಕೂಗ್ತಿದ್ದೆ. ಅದು ಕೇಳ್ತಿದ್ದಕ್ಕೇ ನಂಗೆ ಜೀವ ಬಂತು."

ಅವಳು ನಕ್ಕಳು. ಅವಳ ಎರಡೂ ಕೈ ಖಾಲಿಯಿದ್ದವು, ಕೆಸರಿರಲಿಲ್ಲ.

ಒಂದು ಸಲ ಆದದ್ದು ಇನ್ನೊಂದು ಸಲ ಆಗುತ್ತದೆ ಎಂಬುದಕ್ಕೆ ಆಧಾರವಲ್ಲ. ನನ್ನ ವೃತ್ತಿ ಕಲಿಸಿದ ಈ ಮಾತನ್ನು ಅವಳಿಗೆ ಹೇಳಲಿಲ್ಲ. ಅವಳ ಪರೀಕ್ಷೆಯ ದಿನ ಟೊಮೆಟೊ ಮಾರುಕಟ್ಟೆಯಲ್ಲಿ ದರ ಬರೆದುಕೊಳ್ಳುತ್ತಿದ್ದೆ, ಬರೆದುಕೊಂಡದ್ದನ್ನು ಮತ್ತೆ ಕೇಳಿ, ಮಂಡಿಯವನಿಂದ, "ಏನ್ ಸಾರ್, ಇವತ್ತು ಕಿವಿ ಮನೇಲಿ ಬಿಟ್ಟು ಬಂದ್ರಾ?" ಎನ್ನಿಸಿಕೊಂಡೆ. ಅವಳ ಫೋನು ಬರಲಿಲ್ಲ. ಕಚೇರಿಯಲ್ಲಿ ಕೂರಲಾಗದೆ ಸಂಜೆ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪ ಜಗುಲಿಯ ಮೇಲೆ ಫೋನನ್ನು ಮುಂದೆ ಇಟ್ಟುಕೊಂಡು ಕೂತಿದ್ದ.

ಕತ್ತಲಾಗುವ ಹೊತ್ತಿಗೆ ಅದು ರಿಂಗಾಯಿತು. ಪಾಸಾಗಿದ್ದಳು. ಮುಂದಿನ ವಾರದಿಂದಲೇ ಅವಳಿಗೆ ಸ್ವಂತ ಶಿಷ್ಯರು. ಅಮ್ಮ ದೇವರ ಮನೆಗೆ ಹೋದಳು. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಲ್ಲಿ ಹಗ್ಗ ಯಾರಮ್ಮ ಹಿಡ್ಕೊತಾರೆ?"

"ಅಲ್ಲಿ ಹಗ್ಗ ಇಲ್ಲ ಕಣಪ್ಪ. ಯಾರಾದ್ರೂ ಗಾಬರಿಯಾದ್ರೆ ಎಳ್ಕೊಂಡು ಬರೋಳು ನಾನೇ."

ಅಪ್ಪ ಒಂದು ಕೈ ಬಿಡಿಸಿ ಅಂಗೈ ನೋಡಿಕೊಂಡ.

"ಹಂಗಾದ್ರೆ ನಿಧಾನಕ್ಕೆ ಎಳಿ" ಎಂದ.