ರೇವವ್ವ ಮುಟ್ಟದ ಬನ್ನಿ

ದಸರೆಯ ದಿನ ಶ್ರೀಶೈಲಪ್ಪ ಸಾಹುಕಾರರು ಕೊಡಬಂದ ಬನ್ನಿ ಎಲೆಗೆ ಆಶಾ ಕಾರ್ಯಕರ್ತೆ ರೇವವ್ವ ಕೈಯನ್ನೇ ಚಾಚಲಿಲ್ಲವೆಂದು ಕೇಳಿ, ಈಕೆಗೆ ಸೊಕ್ಕು ಬಂದಿದೆ ಎಂದೇ ಇಂಡಿ ಕಡೆಯ ನಮ್ಮಂಥವರು ತಿಳಿದಿದ್ದೆವು. ತಪ್ಪು ನಮ್ಮದು.

ಅದು ಕೊರೊನಾದ ಮೊದಲ ವರ್ಷ. ಹಬ್ಬದ ಹಿಂದಿನ ದಿನ ಸಾಹುಕಾರರಿಗೆ ಸೋಂಕಿರುವುದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಜ್ವರವಿಲ್ಲ, ಕೆಮ್ಮಿಲ್ಲ. ಹದಿನೇಳು ದಿನ ಹೊರಬೀಳಬಾರದೆಂಬ ಚೀಟಿಯನ್ನು ಅವರ ಬಾಗಿಲಿಗೆ ಅಂಟಿಸಿದವಳು ರೇವವ್ವನೇ. ಹಿರಿಯರು ಮನೆಯಲ್ಲಿ ಕೂತು ಬನ್ನಿ ಇಸಿದುಕೊಳ್ಳುವುದು ರೂಢಿ. ಆದರೆ ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಸಾಹುಕಾರರು ಚೀಟಿಯ ಮೇಲೆ ತೋರಣ ಇಳಿಬಿಟ್ಟು, ಇಸ್ತ್ರಿ ಮಾಡಿದ ಧೋತರ ಉಟ್ಟು, ತಾವು ಹೋಗದಿದ್ದರೆ ದಸರೆಯೇ ಮುಗಿಯದೆಂಬಂತೆ ಮನೆಮನೆಗೆ ಹೊರಟರು. ಸುದ್ದಿ ಕೇಳಿ ರೇವವ್ವ ಮನೆಗೆ ಓಡಿ ಬರುವಷ್ಟರಲ್ಲಿ ಅವರು ಅವಳ ತಾಯಿ ಗುರವ್ವನ ಎರಡೂ ಕೈ ಹಿಡಿದು, "ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟಾಗಿತ್ತು. ಮಗಳ ಕಡೆ ಚಾಚಿದ ಎಲೆ ಮಾತ್ರ ಅವರ ಕೈಯಲ್ಲೇ ಉಳಿಯಿತು.

ಹತ್ತನೆಯ ದಿನ ಗುರವ್ವ ವಿಜಯಪುರದ ದವಾಖಾನೆಯಲ್ಲಿ ಆಕ್ಸಿಜನ್ ಮೇಲಿದ್ದಳು. ಅದೇ ಓಣಿಯ ಮತ್ತೆ ನಾಲ್ವರು ಮುದುಕರೂ ಅಲ್ಲೇ ಇದ್ದರು. ರೇವವ್ವ ನೆಟ್ಟಗೆ ಸಾಹುಕಾರರು ಕೂತಿದ್ದ ಮನೆ ಮುಂದಿನ ಕಟ್ಟೆಗೆ ಬಂದು ನಿಂತಳು.

"ಏನವಾ, ನನ್ನ ಮ್ಯಾಲ ಹಾಕಾಕ ಬಂದಿಯೇನು? ಹೊತ್ತಿಗೆ ಮೂರು ರೊಟ್ಟಿ ಉಣ್ಣಾಕತ್ತೇನಿ, ಒಂದು ಸೀನೂ ಬಂದಿಲ್ಲ. ನನಗ ಇಲ್ಲದ ರೋಗ ಮಂದಿಗೆ ನಾ ಹೆಂಗ ಹಚ್ಚಲಿ?"

"ರೋಗ ನಿಮ್ಮ ಮೈಯಾಗ ಐತ್ರಿ, ನಿಮಗ ಗೊತ್ತಾಗಿಲ್ಲ ಅಷ್ಟ. ನಿಮಗ ಸೀನು ಬರಲಿಲ್ಲ, ನಮ್ಮವ್ವಗ ಉಸುರು ಬರವಲ್ದು. ಇನ್ನ ಒಂದು ವಾರ ಐತಿ, ಒಳಗ ನಡೀರಿ."