ಸ್ವರ ಇಲ್ಲದೆ ಕುದುರಿಸಿದ ಬಾಡಿಗೆ

ಮೊದಲು ಶೀತವೆಂದುಕೊಂಡೆ. ಕರಿಮೆಣಸಿನ ಕಷಾಯ ಕುಡಿದೆ. ಒಡೆದ ಸ್ವರ ಕೂಡಲಿಲ್ಲ. ಒಂದು ಬೆಳಿಗ್ಗೆ ಧಕ್ಕೆಯಲ್ಲಿ ನಿಂತು ದೋಣಿಯವರನ್ನು ಕರೆಯಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

ಮಾತೇ ನನ್ನ ಹೊಟ್ಟೆಪಾಡು.

ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಸೇರಿದವನು ನಾನು. ಬಾಯಿಯ ಬಲದಿಂದ ಮೇಲೆ ಬಂದೆ. ನಮ್ಮ ಹಂಚು ಮಂಜಿಗಳಲ್ಲಿ, ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿಗಳಲ್ಲಿ, ಊರೂರಿಗೆ ಹೋಗುತ್ತದೆ. ಅವನ್ನು ನಡೆಸುವ ತಂಡೇಲರೊಡನೆ ಬಾಡಿಗೆ ಕುದುರಿಸುವುದು ನನ್ನ ಕೆಲಸ. ದಡದಿಂದ ನಾನು, ದೋಣಿಯಿಂದ ಅವರು, ಎಲ್ಲ ಬೊಬ್ಬೆಯಲ್ಲೇ.

ಆಸ್ಪತ್ರೆಯ ಡಾಕ್ಟರು ಗಂಟಲಿಗೆ ಸಣ್ಣ ಕನ್ನಡಿ ಇಳಿಸಿ ನೋಡಿದರು. ವೋಕಲ್ ಕಾರ್ಡಿನ, ಎಂದರೆ ಸ್ವರ ಹೊರಡಿಸುವ ತಂತುವಿನ, ಮೇಲೆ ಗಂಟು ಎದ್ದಿದೆಯಂತೆ. ಮದ್ದಿಗಿಂತ ರೆಸ್ಟ್ ಮುಖ್ಯವಂತೆ.

“ಪಿಸುಮಾತೂ ಬೇಡ,” ಎಂದರು. “ಇಲ್ಲವಾದರೆ ಆಪರೇಶನ್.”

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಹೆಂಡತಿ ವಾರಿಜ ಒಬ್ಬಳೇ ಮಾತಾಡಿದಳು. ಮದುವೆಯಾದ ಮೇಲೆ ತನ್ನ ಮಾತು ಪೂರ್ತಿ ಮುಗಿದದ್ದು ಇದೇ ಮೊದಲು ಎಂದಳು. ನನ್ನನ್ನು ನಗಿಸಲು ಹೇಳಿದ್ದು. ಬಾಗಿಲಲ್ಲಿ ಅವಳು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡದವನಂತೆ ಇದ್ದೆ.

ನಮ್ಮ ಕಾರ್ಖಾನೆಯಲ್ಲಿ ಕಾಯಿಲೆಯವರಿಗೆ ಒಂದು ಏರ್ಪಾಡು ಉಂಟು. ಗುಣವಾಗುವವರೆಗೆ ಮನೆಯಲ್ಲಿರಬಹುದು, ಅರ್ಧ ಸಂಬಳ ಬರುತ್ತದೆ. ಒಳ್ಳೆಯದೇ. ಆದರೆ ಮನೆಯಲ್ಲಿ ಕೂತವನ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ. ನಿಂತವನು ಮತ್ತೆ ಸರಿಯುವುದಿಲ್ಲ.

ವಾರಿಜಳನ್ನು ಕರೆದುಕೊಂಡು ಕಾರ್ಖಾನೆಯ ಧಣಿಗಳ ಎದುರು ಹೋದೆ. ನಾನು ಸ್ಲೇಟಿನಲ್ಲಿ ಬರೆದು ಕಲಿಸಿದ್ದನ್ನೆಲ್ಲ ಬಿಟ್ಟು ಅವಳು ತನ್ನದೇ ಹೇಳಿದಳು.

“ಇವರ ಗಂಟಲು ಮಾತ್ರ ಹಾಳಾದದ್ದು ಧಣಿಗಳೇ. ತಲೆ ಸರಿ ಉಂಟು. ಆ ತಲೆಗೆ ಕೆಲಸ ಕೊಡಿ.”

“ಬಾಡಿಗೆ ಮಾತಾಡುವುದು ಯಾರು? ನೀನಾ?”

ನಾನು ಹೆಗಲ ಬೈರಾಸನ್ನು ಅವರ ಕೈಯ ಮೇಲೆ ಹಾಸಿ, ಅದರ ಅಡಿಯಲ್ಲಿ ಅವರ ಬೆರಳು ಹಿಡಿದೆ. ದನದ ವ್ಯಾಪಾರಿಗಳು ಹೀಗೆ ಬಟ್ಟೆಯಡಿ ಬೆರಳೊತ್ತಿ ಕ್ರಯ ಹೇಳುವುದು ಅವರಿಗೂ ಗೊತ್ತು. ಧಣಿಗಳು ನಕ್ಕರು. ಒಂದು ಲೋಡಿಗೆ ಮಾತ್ರ ಮಾಡಿ ನೋಡು ಎಂದು ಒಪ್ಪಿದರು. ಬಾಡಿಗೆ ಏರಿದರೆ ನಾನು ಮನೆಗೆ.

ಮೊದಲು ಬಂದ ಮಂಜಿ ಉಳ್ಳಾಲದ ತಂಡೇಲ ಹಸನಬ್ಬನದ್ದು. ವರ್ಷಗಟ್ಟಲೆ ನನ್ನೊಡನೆ ಬೊಬ್ಬೆ ಹೊಡೆದವನು. ಎದುರು ಕೂತು ಕೈ ಕೊಟ್ಟ. ಅವನು ಒತ್ತಿದ್ದು ಹೆಚ್ಚು, ನಾನು ಒತ್ತಿದ್ದು ಕಡಿಮೆ. ಬಹಳ ಹೊತ್ತು ಹೀಗೇ ನಡೆಯಿತು. ಆಗ, ದಡದಲ್ಲಿ ನಿಂತು ಕೂಗುವಾಗ ಎಂದೂ ತಿಳಿಯದ ಸಂಗತಿಯೊಂದು ತಿಳಿಯಿತು: ಗಾಳಿ ಬೀಸಿದಾಗಲೆಲ್ಲ ಅವನ ಕೈ ತುಸು ಎಳೆಯುತ್ತಿತ್ತು. ಅವನಿಗೆ ಗಾಳಿ ಇರುವಾಗಲೇ ಹೊರಡುವ ಅವಸರ.

ನಾನು ಹಿಡಿದುಕೊಂಡೇ ಕೂತೆ.

ಕೊನೆಗೆ ಹಳೆಯ ಬಾಡಿಗೆಗೇ ಬೆರಳು ಮಡಚಿದ. “ನಿನ್ನ ಬೊಬ್ಬೆಯೇ ಒಳ್ಳೆಯದಿತ್ತು ಮಾರಾಯ,” ಎಂದ. “ಕಿವಿಯಾದರೂ ಮುಚ್ಚಿಕೊಳ್ಳಬಹುದಿತ್ತು.” ಮುಂದಿನ ಸಲ ಬರುವಾಗ ನನ್ನ ಗಂಟಲಿಗೆಂದು ಕಲ್ಲುಸಕ್ಕರೆ ತಂದ.

ಧಣಿಗಳು ಧಕ್ಕೆಯಲ್ಲಿ ಒಂದು ಚಪ್ಪರ ಹಾಕಿಸಿ, ಬೆಂಚು ಇಡಿಸಿದರು.

ಓದುವವರಿಗೆ ನನ್ನ ಒಂದು ಮಾತು. ಕಾಯಿಲೆ ಬಂದರೆ ಅಡಗಿಸಬೇಡಿ. ನಿಮ್ಮಿಂದ ಯಾವ ಕೆಲಸ ಆಗುವುದಿಲ್ಲ ಎಂದು ಅಳುತ್ತಲೂ ಹೋಗಬೇಡಿ. ಯಾವ ಕೆಲಸ ಆಗುತ್ತದೆ ಎಂದು ಗಟ್ಟಿ ಮಾಡಿಕೊಂಡು ಹೋಗಿ ಕೇಳಿ. ಭಟ್ಟಿಗೆ ಸೌದೆ ಹಾಕುವ ತನಿಯಪ್ಪನಿಗೆ ಮೊಣಕಾಲು ಊದಿದಾಗ ಇದನ್ನೇ ಬರೆದು ತೋರಿಸಿ ಧಣಿಗಳ ಬಳಿ ಕಳಿಸಿದೆ. ಈಗ ಅವನು ಅದೇ ಬೆಂಚಿನಲ್ಲಿ ಕೂತು ಲೋಡಾಗುವ ಹಂಚು ಎಣಿಸುತ್ತಾನೆ.

ನನ್ನ ಗಂಟು ಸಣ್ಣದಾಗಿದೆ. ಮೆಲ್ಲನೆ ಮಾತಾಡಬಹುದು, ಬೊಬ್ಬೆ ಇನ್ನು ಮೇಲೆ ಇಲ್ಲವೇ ಇಲ್ಲ ಎಂದಿದ್ದಾರೆ ಡಾಕ್ಟರು. ದೇವರು ದೊಡ್ಡವನು, ಇಷ್ಟಾದರೂ ಉಳಿಯಿತು. ತನಿಯಪ್ಪನ ಕಾಲೂ ಸುಧಾರಿಸಿದೆ. ಆದರೆ ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅವನ ಬಾಯಿ ನಿಲ್ಲುವುದಿಲ್ಲ. ಅದೇ ಡಾಕ್ಟರು ಅವನ ಗಂಟಲಿಗೂ ಸ್ವಲ್ಪ ರೆಸ್ಟ್ ಬರೆಯುತ್ತಾರೋ ಎಂದು ಒಮ್ಮೆ ಕೇಳಿ ನೋಡಬೇಕು.